ಶಾಪ ಹಮಾಲನಿಗೇಕೆ?

ಕಳೆದ ರಾಜ್ಯೋತ್ಸವದ ಮಳಿಗೆಗೆಂದು ನಾವು ಶಿರಸಿಯ ಕಡೆಯಿಂದ ಅಪ್ಪೆಮಿಡಿ ಉಪ್ಪಿನಕಾಯಿ ತರಿಸಿದ್ದೆವು. ಬಂದ ಆರು ರಟ್ಟಿನ ಪೆಟ್ಟಿಗೆಗಳಲ್ಲಿ ಎರಡು, ಸಂಘದ ಮೆಟ್ಟಿಲೇರುವಾಗಲೇ ಎಣ್ಣೆ ಕುಡಿದು ಕೆಂಪಾಗಿದ್ದವು. ಬಿಚ್ಚಿದರೆ ಹನ್ನೊಂದು ಬಾಟಲಿ ಚೂರು. ಕಳುಹಿಸಿದವರಿಗೆ ಫೋನು ಮಾಡಿದೆವು. "ನಿಮ್ಮ ಮುಂಬಯಿಯ ಹಮಾಲರು ಎತ್ತಿ ಒಗೆದಿರಬೇಕು" ಎಂದರು. ಲಾರಿಯವರು ರಸೀದಿಯ ಹಿಂಬದಿಯ ಸಣ್ಣಕ್ಷರ ತೋರಿಸಿದರು. ನಾವೂ ಏನು ಕಡಿಮೆ? ಹೊತ್ತು ತಂದವನ ಕೂಲಿಯಲ್ಲಿ ನೂರು ರೂಪಾಯಿ ಹಿಡಿದೆವು, ಸಮಿತಿಯ ಸಭೆಯಲ್ಲಿ ಹತ್ತು ನಿಮಿಷ ಹಮಾಲರ ಜಾತಕ ಜಾಲಾಡಿ ಮುಂದಿನ ವಿಷಯಕ್ಕೆ ಹೋದೆವು.

ಆ ಪೆಟ್ಟಿಗೆಯನ್ನು ಲಾರಿಗೆ ಏರಿಸುವ ಮುನ್ನ ಯಾರಾದರೂ ಒಮ್ಮೆಯಾದರೂ ಬೀಳಿಸಿ ನೋಡಿದ್ದರೇ ಎಂಬ ಪ್ರಶ್ನೆ ಮಾತ್ರ ಅಂದು ಯಾರ ಬಾಯಿಂದಲೂ ಬರಲಿಲ್ಲ. ಅದನ್ನು ಈಗ ಕೇಳುತ್ತಿದ್ದೇವೆ.

ಬೀಳಿಸಿ ನೋಡುವುದೆಂದರೆ ಹುಡುಗಾಟವಲ್ಲ, ಅದೊಂದು ಶಾಸ್ತ್ರ. ಅಮೆರಿಕದಲ್ಲಿ ಎನಾಮೆಲ್ ಲೇಪದ ಸಾಮಾನು ತಯಾರಿಸುವವರು, ತಮ್ಮ ಮಾಲು ದಾರಿಯಲ್ಲೇ ಚಕ್ಕೆ ಏಳುವುದನ್ನು ನೋಡಿ ಸಾಕಾಗಿ, 1948ರಲ್ಲಿ ಇದಕ್ಕೆಂದೇ ಒಂದು ಸಮಿತಿ ಕಟ್ಟಿಕೊಂಡರು. ಅದೇ ಇಂದು 'ಇಸ್ಟಾ' ಎಂಬ ಹೆಸರಿನ ಅಂತರರಾಷ್ಟ್ರೀಯ ಸಂಸ್ಥೆ. ಅದರ ತೀರಾ ಸರಳವಾದ ಪರೀಕ್ಷೆಯಲ್ಲೂ ತುಂಬಿದ ಪೆಟ್ಟಿಗೆಯನ್ನು ಮೊದಲು ಅಲುಗಾಡುವ ಮೇಜಿನ ಮೇಲಿಡುತ್ತಾರೆ. ಪೆಟ್ಟಿಗೆ ಮೇಜು ಬಿಟ್ಟು ಕುಣಿಯಬೇಕು. ಅಡಿಯಲ್ಲಿ ಒಂದೂವರೆ ಮಿಲಿಮೀಟರ್ ದಪ್ಪದ ಪಟ್ಟಿ ತೂರುವಷ್ಟು ಎದ್ದೇಳಬೇಕು. ಹೀಗೆ 14,200 ಬಾರಿ. ಆಮೇಲೆ ಹತ್ತು ಸಲ ಬೀಳಿಸುವುದು: ಒಂದು ಮೂಲೆಯ ಮೇಲೆ, ಆ ಮೂಲೆಗೆ ಬಂದು ಸೇರುವ ಮೂರು ಅಂಚುಗಳ ಮೇಲೆ, ಕೊನೆಗೆ ಆರೂ ಮೈಗಳ ಮೇಲೆ.

ಮೊದಲು ಅಲುಗಾಟ, ಆಮೇಲೆ ಬೀಳಿಸುವುದು ಎಂಬ ಈ ಕ್ರಮದಲ್ಲಿಯೇ ನಮ್ಮ ಉಪ್ಪಿನಕಾಯಿಯ ಗುಟ್ಟಿದೆ. ಒಡೆದ ಪೆಟ್ಟಿಗೆಗಳಲ್ಲಿ ಬಾಟಲಿಗಳ ನಡುವೆ ರಟ್ಟಿನ ಗೂಡುಗಳಿರಲಿಲ್ಲ; ಹಳೆಯ ಪತ್ರಿಕೆಯ ಹಾಳೆಗಳನ್ನು ಮುದ್ದೆ ಮಾಡಿ ತುರುಕಿದ್ದರು. ಘಟ್ಟ ಇಳಿದು, ಹೆದ್ದಾರಿಯ ಗುಂಡಿಗಳಲ್ಲಿ ರಾತ್ರಿಯೆಲ್ಲ ಕುಣಿದು, ಆ ಕಾಗದ ತಳಕ್ಕಿಳಿದು ಕೂತಿತ್ತು. ಮುಂಬಯಿ ಮುಟ್ಟುವ ಹೊತ್ತಿಗೆ ಗಾಜಿಗೆ ಗಾಜು ತಾಗಿತ್ತು. ಹಮಾಲ ಕೊಟ್ಟದ್ದು ಕೊನೆಯ ಪೆಟ್ಟು ಮಾತ್ರ. ಕೊಲೆ ದಾರಿಯಲ್ಲೇ ಆಗಿತ್ತು.

ಹಾಗೆಂದು ಪರದೇಶದ ಕೋಷ್ಟಕವನ್ನು ಕಣ್ಣಿಗೊತ್ತಿಕೊಳ್ಳಲೂ ನಾವು ಸಿದ್ಧರಿಲ್ಲ. ಅದೇ ಸರಳ ಪರೀಕ್ಷೆಯಲ್ಲಿ ಹತ್ತು ಕಿಲೋ ಒಳಗಿನ ಪೆಟ್ಟಿಗೆಯನ್ನು 76 ಸೆಂ.ಮೀ. ಎತ್ತರದಿಂದ ಬೀಳಿಸುತ್ತಾರೆ. ತೂಕ ಹೆಚ್ಚಿದಂತೆ ಎತ್ತರ ಇಳಿಯುತ್ತದೆ. ಮೂವತ್ತು ಕಿಲೋ ಪೆಟ್ಟಿಗೆಗೆ ಬರೇ 31 ಸೆಂ.ಮೀ., ಅಂದರೆ ಒಂದು ಅಡಿ. ಭಾರದ ಪೆಟ್ಟಿಗೆಯನ್ನು ಯಾರೂ ಎತ್ತರಕ್ಕೆ ಎತ್ತಲಾರರು, ಕೆಳಗೇ ಹಿಡಿದು ಸಾಗಿಸುತ್ತಾರೆ ಎಂಬುದು ಅದರ ತರ್ಕ. ಈ ತರ್ಕ ಮಾಡಿದವರನ್ನು ಒಂದು ಬೆಳಿಗ್ಗೆ ಮಸ್ಜಿದ್ ಬಂದರಿನ ಗಲ್ಲಿಗೆ ಕರೆತರಬೇಕು. ಅಲ್ಲಿ ಮೂವತ್ತು ಕಿಲೋ ಇರುವುದು ಮನುಷ್ಯನ ತಲೆಯ ಮೇಲೆ! ತಲೆಯಿಂದ ಜಾರಿದರೆ ಐದೂವರೆ ಅಡಿ. ಎತ್ತರ ಐದು ಪಟ್ಟಾದರೆ ನೆಲಕ್ಕೆ ಅಪ್ಪಳಿಸುವ ಶಕ್ತಿಯೂ ಐದು ಪಟ್ಟು. ಕೋಷ್ಟಕದಲ್ಲಿ ಪಾಸಾದ ಪೆಟ್ಟಿಗೆ ನಮ್ಮ ಗಲ್ಲಿಯಲ್ಲಿ ನಪಾಸಾಗುವುದರಲ್ಲಿ ಆಶ್ಚರ್ಯವೇನು?

ಮಳೆಯ ಮಾತೂ ಅಷ್ಟೇ. ರಟ್ಟಿನ ಬಲವನ್ನು ಅಳೆಯುವ ಸಾಮಾನ್ಯ ಪದ್ಧತಿಯಲ್ಲಿ ಕೋಣೆಯ ಉಷ್ಣತೆ 23 ಡಿಗ್ರಿ, ಗಾಳಿಯ ತೇವಾಂಶ ಶೇ. 50. ಜುಲೈ ತಿಂಗಳ ಮುಂಬಯಿಯಲ್ಲಿ ಅಂಥ ಕೋಣೆ ಯಾರ ಮನೆಯಲ್ಲಿದೆಯೋ ನಾವರಿಯೆವು. ತೇವ ಕುಡಿದ ರಟ್ಟು ಮೆತ್ತಗಾಗುತ್ತದೆ. ಮೇಲೆ ಐದು ಪೆಟ್ಟಿಗೆಗಳ ಭಾರ ಹೊತ್ತು ಗೋದಾಮಿನಲ್ಲಿ ವಾರಗಟ್ಟಲೆ ನಿಂತದ್ದು ಇನ್ನೂ ಕುಗ್ಗುತ್ತದೆ.

ಆದರೆ ಪೆಟ್ಟಿಗೆಯ ಮೇಲೆ ಗಾಜಿನ ಲೋಟದ ಚಿತ್ರ, ಕೊಡೆಯ ಚಿತ್ರ, ಮೇಲ್ಮುಖದ ಬಾಣ ಇವೆಯಲ್ಲ ಎನ್ನುವಿರಿ. ಇವೆ. ನಮ್ಮ ಒಡೆದ ಪೆಟ್ಟಿಗೆಗಳ ಮೇಲೂ ಇದ್ದವು. ಚಿತ್ರ ಒಂದು ಬೇಡಿಕೆ, ಬಲವಲ್ಲ. ನಸುಕಿನ ಮೂರು ಗಂಟೆಗೆ, ದೀಪವಿಲ್ಲದ ಲಾರಿಯೊಳಗೆ, ಇನ್ನೂರು ಪೆಟ್ಟಿಗೆ ಇಳಿಸುವವನಿಗೆ ಆ ಲೋಟ ಕಂಡೀತೇ?

ಸರಕಾರಕ್ಕೆ ಇದೆಲ್ಲ ತಿಳಿಯದ್ದಲ್ಲ. ಅಪಾಯಕಾರಿ ರಾಸಾಯನಿಕ ಹಡಗೇರಬೇಕಾದರೆ ಅದರ ಡಬ್ಬ, ಡ್ರಮ್ಮುಗಳು ವಿಶ್ವಸಂಸ್ಥೆಯ ನಿಯಮದಂತೆ ಬೀಳಿಕೆಯ ಪರೀಕ್ಷೆ ಗೆಲ್ಲಲೇಬೇಕು: ಅಪಾಯದ ಮಟ್ಟಕ್ಕೆ ತಕ್ಕಂತೆ ಸಾಮಾನ್ಯವಾಗಿ 1.8, 1.2 ಅಥವಾ 0.8 ಮೀಟರ್ ಎತ್ತರದಿಂದ. ಇತ್ತ ನಮ್ಮ ನಿಮ್ಮ ಮನೆಯ ಸಾಮಾನಿನ ಮೇಲೆ ತೂಕ, ಬೆಲೆ, ತಯಾರಕರ ವಿಳಾಸ ಇರಲೇಬೇಕೆಂದು ಪೊಟ್ಟಣದ ನಿಯಮಗಳು ಹೇಳುತ್ತವೆ. ಅದು ಊರಿನಿಂದ ಇಲ್ಲಿಗೆ ಇಡಿಯಾಗಿ ತಲುಪೀತೇ ಎಂದು ಅವು ಕೇಳುವುದಿಲ್ಲ.

ಇನ್ನೊಂದು ಆಕ್ಷೇಪ ಖರ್ಚಿನದು. ನಾಲ್ಕು ಹೆಣ್ಣುಮಕ್ಕಳು ಸೇರಿ ಹಪ್ಪಳ, ಉಪ್ಪಿನಕಾಯಿ ಮಾಡುವಲ್ಲಿ ಪ್ರಯೋಗಾಲಯದ ಶುಲ್ಕ ಎಲ್ಲಿಂದ ತರಬೇಕು? ಮಾತು ನಿಜ. ಆದರೆ ಮೊದಲ ಪರೀಕ್ಷೆಗೆ ಪ್ರಯೋಗಾಲಯವೇ ಬೇಕಿಲ್ಲ. ಬಾಟಲಿಗಳಿಗೆ ನೀರು ತುಂಬಿ, ಮಾಮೂಲಿನಂತೆ ಕಟ್ಟಿ, ಊರೊಳಗೆ ಓಡಾಡುವ ಟೆಂಪೋದಲ್ಲಿ ಒಂದು ದಿನ ಸುತ್ತಾಡಿಸಿ, ಸಂಜೆ ಸಿಮೆಂಟಿನ ನೆಲಕ್ಕೆ ಹತ್ತು ಸಲ ಕೆಡವಿ. ಮೂಲೆಯ ಮೇಲೆ ಕೆಡವಲು ಮರೆಯಬೇಡಿ. ಒಡೆದರೆ ಹೋದದ್ದು ಬಾಟಲಿ, ಅಪ್ಪೆಮಿಡಿಯಲ್ಲ. ನಾಲ್ಕು ಹಾಳೆ ರಟ್ಟನ್ನು ಗೂಡಾಗಿ ಜೋಡಿಸುವ ಖರ್ಚು, ನಾವು ಗೋಣಿಯಲ್ಲಿ ಕಟ್ಟಿ ಎಸೆದ ಹನ್ನೊಂದು ಬಾಟಲಿಗಿಂತ ಹೆಚ್ಚಾಗಲಾರದು. ದೊಡ್ಡ ವ್ಯಾಪಾರ ಮಾಡುವವರಿಗೆ ಈ ರಿಯಾಯಿತಿಯೂ ಇಲ್ಲ. 1966ರಲ್ಲಿ ಸ್ಥಾಪನೆಯಾದ ಭಾರತೀಯ ಪ್ಯಾಕೇಜಿಂಗ್ ಸಂಸ್ಥೆಯ ಮುಖ್ಯ ಕಚೇರಿ ಇಲ್ಲೇ ಅಂಧೇರಿಯಲ್ಲಿದೆ. ದೆಹಲಿ, ಚೆನ್ನೈ, ಕೋಲ್ಕತ, ಹೈದರಾಬಾದುಗಳಲ್ಲಿ ಶಾಖೆಗಳಿವೆ. ಪರೀಕ್ಷೆ ಮಾಡಿಸುವ ಅನುಕೂಲವಿಲ್ಲವೆಂದು ಅವರು ಹೇಳುವಂತಿಲ್ಲ.

ಆದ್ದರಿಂದ ಮುಂದಿನ ನವೆಂಬರಿನ ಮಳಿಗೆಗೆ ಸರಕು ಕೊಡುವವರಿಗೆಲ್ಲ ಒಂದೇ ಷರತ್ತು ಹಾಕಬೇಕೆಂದು ಸಮಿತಿಯನ್ನು ಒತ್ತಾಯಿಸುತ್ತೇವೆ. ಮಾದರಿಗೆಂದು ಒಂದು ಪೆಟ್ಟಿಗೆ ಮೊದಲು ಬರಲಿ, ಸಂಘದ ಅಂಗಳದಲ್ಲಿ, ಎಲ್ಲರೆದುರು, ಆಳಿನ ತಲೆಯೆತ್ತರದಿಂದ ಅದನ್ನು ಕೆಡವೋಣ, ಉಳಿದರೆ ಆರ್ಡರು. ಹಿಡಿದಿಟ್ಟ ಆ ನೂರು ರೂಪಾಯಿ ಮಳಿಗೆಯ ಲೆಕ್ಕದಲ್ಲಿ ಇನ್ನೂ ಜಮೆಯಾಗಿಯೇ ಇದೆ. ಅದನ್ನು ಆ ಹಮಾಲನಿಗೆ ಹುಡುಕಿ ತಲುಪಿಸುವ ಠರಾವನ್ನೂ ಬರುವ ಸಭೆಯಲ್ಲಿ ಮಂಡಿಸಲಿದ್ದೇವೆ. ಅನುಮೋದಿಸುವವರು ಹೆಸರು ಕೊಡಬೇಕು.