ಸಡಿಲಗೊಂಡ ಹಿನ್ನೋಟದ ಕನ್ನಡಿ

ದಸರೆಯ ಸಂಜೆ ಕೊಲ್ಹಾಪುರದ ದಸರಾ ಚೌಕಕ್ಕೆ ರಾಜಮನೆತನದ ಹಳೆಯ ಮೇಬ್ಯಾಕ್ ಕಾರು ಬಂದು ನಿಂತಾಗ ನೆರೆದವರ ಕಣ್ಣೆಲ್ಲ ಅದರ ಮೇಲೆಯೇ ನೆಟ್ಟಿರುತ್ತದೆ. ಅಂಥ ವೈಭವ ಎಲ್ಲ ಹಳೆಯ ಕಾರುಗಳ ಪಾಲಿಗೆ ಬರುವುದಿಲ್ಲ. ಮುಂಬೈಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿ, ಕೋಲ್ಕತ್ತೆಯ ಬಳಿಯ ಉತ್ತರಪಾರಾದಲ್ಲಿ 2014ರವರೆಗೆ ತಯಾರಾದ ಅಂಬಾಸಿಡರ್ ಇವು ಹಿರಿಯರ ಗಳಿಕೆಯ ಗುರುತಾಗಿ ಕೆಲವು ಮನೆಗಳ ಶೆಡ್ಡಿನಲ್ಲಿ ಉಳಿದಿವೆ. ಇಂಥ ಕಾರಿನ ಇಂಜಿನ್ನು, ಬ್ರೇಕುಗಳಿಗೆ ದೊರೆಯುವ ಕಾಳಜಿ ಒಳಗಿನ ಹಿನ್ನೋಟದ ಕನ್ನಡಿಗೆ ದೊರೆಯುವುದು ಅಪರೂಪ. ಅದು ಸಡಿಲಾಗಿ ಜೋತುಬಿದ್ದರೆ ಚಾಲಕನು ಒಂದು ಕೈಯಿಂದ ಮೇಲಕ್ಕೆ ತಳ್ಳುತ್ತಾನೆ. ಮುಂದಿನ ತಗ್ಗು ಬಂದೊಡನೆ ಅದು ಮತ್ತೆ ಜೋಲುತ್ತದೆ.

ಇದನ್ನು ಸಣ್ಣ ದೋಷವೆಂದು ಬಿಡಲಾಗದು. ಸಮತಲ ದರ್ಪಣವು ಒಂದು ಡಿಗ್ರಿ ತಿರುಗಿದರೆ ಅದರಿಂದ ಪ್ರತಿಫಲಿಸುವ ಕಿರಣವು ಎರಡು ಡಿಗ್ರಿ ತಿರುಗುತ್ತದೆ. 50 ಮೀಟರ್ ಹಿಂದೆ ಈ ಎರಡು ಡಿಗ್ರಿ ಎಂದರೆ ಸುಮಾರು 1.75 ಮೀಟರ್ ಅಂತರ. ಕನ್ನಡಿಯ ಅಂಚಿನಲ್ಲಿ ಕಾಣುತ್ತಿದ್ದ ಬೈಕು ಸವಾರನು ನೋಟದಿಂದ ಜಾರಿಹೋಗಲು ಅಷ್ಟು ಸಾಕು. ನಿಪ್ಪಾಣಿಯಿಂದ ಉತ್ತೂರ, ಆಜರಾ ದಾಟಿ ಆಂಬೋಲಿ ಘಟ್ಟದತ್ತ ಹೋಗುವ ದಾರಿಯಲ್ಲಿ, ಕಬ್ಬಿನ ಹಂಗಾಮಿನ ಟ್ರ್ಯಾಕ್ಟರನ್ನು ದಾಟಿ ಮುಂದೆ ಹೋಗುವ ಮುನ್ನ ಹಿಂದಿನಿಂದ ಯಾರು ಬರುತ್ತಿದ್ದಾರೆಂಬುದು ತಿಳಿಯದಿದ್ದರೆ ಅನಾಹುತ ದೂರವಿರುವುದಿಲ್ಲ.

ಈ ತೊಡಕು ಕನ್ನಡಿಯಷ್ಟೇ ಹಳೆಯದು. 1911ರಲ್ಲಿ ಅಮೆರಿಕೆಯ ಇಂಡಿಯಾನಾಪೊಲಿಸ್‌ನಲ್ಲಿ 500 ಮೈಲಿನ ಪಂದ್ಯ ನಡೆದಾಗ ಉಳಿದ ಚಾಲಕರ ಪಕ್ಕದಲ್ಲಿ ಒಬ್ಬೊಬ್ಬ ಮೆಕ್ಯಾನಿಕ್ ಕುಳಿತು ಹಿಂದಿನ ಕಾರುಗಳ ಮೇಲೆ ಕಣ್ಣಿಟ್ಟಿರುತ್ತಿದ್ದನು. ರೇ ಹ್ಯಾರೌನ್ ಒಬ್ಬನೇ ಕುಳಿತು ಓಡಿಸಲು ಹೊರಟಾಗ ಆಕ್ಷೇಪ ಬಂದಿತು. ಆಗ ಅವನು ತನ್ನ ಮಾರ್ಮನ್ ಕಾರಿಗೆ ಕನ್ನಡಿಯೊಂದನ್ನು ಜೋಡಿಸಿದನು; ಪಂದ್ಯವನ್ನೂ ಗೆದ್ದನು. ಆದರೆ ಇಟ್ಟಿಗೆ ಹಾಸಿದ ಆ ದಾರಿಯಲ್ಲಿ ಕನ್ನಡಿಯು ನಡುಗಿದ ರಭಸಕ್ಕೆ ಅದರಲ್ಲಿ ಏನೂ ಕಾಣಿಸಲಿಲ್ಲವೆಂದು ಮುಂದೆ ಅವನೇ ಒಪ್ಪಿಕೊಂಡನು. ಕನ್ನಡಿ ಇದ್ದರೆ ಸಾಲದು, ಅದು ನಿಂತಲ್ಲಿ ನಿಲ್ಲಬೇಕು.

ದುರಸ್ತಿಯ ಮೊದಲ ಹೆಜ್ಜೆ ಸ್ಕ್ರೂಡ್ರೈವರ್ ಹಿಡಿಯುವುದಲ್ಲ, ಸಡಿಲು ಎಲ್ಲಿದೆ ಎಂದು ಅರಿಯುವುದು. ಒಂದು ಕೈಯಿಂದ ಕನ್ನಡಿಯ ಬುಡವನ್ನು ಗಟ್ಟಿಯಾಗಿ ಹಿಡಿದು ಇನ್ನೊಂದರಿಂದ ಕನ್ನಡಿಯನ್ನು ಮೆಲ್ಲನೆ ಅಲುಗಿಸಬೇಕು. ಬುಡವೇ ಅಲುಗಿದರೆ ದೋಷ ಸ್ಕ್ರೂಗಳಲ್ಲಿದೆ. ಬುಡ ಸ್ಥಿರವಾಗಿದ್ದು ಕನ್ನಡಿ ಜೋತರೆ ದೋಷ ನಡುವಿನ ಗುಂಡಿನ ಕೀಲಿನಲ್ಲಿದೆ. ಎರಡೂ ಗಟ್ಟಿಯಾಗಿದ್ದು ಗಾಜು ಮಾತ್ರ ಲಟಲಟ ಎಂದರೆ ಅದು ತನ್ನ ಚೌಕಟ್ಟಿನಿಂದ ಬಿಟ್ಟುಕೊಂಡಿದೆ.

ಬುಡದ ಸ್ಕ್ರೂ ಸವೆದಿದ್ದರೆ ಅದೇ ಅಳತೆಯದನ್ನು ಸ್ಪ್ರಿಂಗ್ ವಾಶರ್‌ನೊಡನೆ ಹಾಕಬೇಕು. ಉದ್ದವಾದ ಸ್ಕ್ರೂ ಒಳಗೆ ಹೋದರೆ ಮೇಲ್ಛಾವಣಿಯ ತಗಡಿಗೆ ಒತ್ತಿ ಹೊರಗೆ ಗುಬುಟು ಎಬ್ಬಿಸುತ್ತದೆ. ಕೀಲಿಗೆ ಬಿಗಿಯುವ ಸ್ಕ್ರೂ ಇದ್ದರೆ ಕಾಲು ಸುತ್ತಿನಷ್ಟೇ ತಿರುಗಿಸಿ ನೋಡಬೇಕು. ಎರಕದ ಹಿಡಿಕೆ ಅತಿ ಬಿಗಿತಕ್ಕೆ ಸೀಳುತ್ತದೆ. ಕೀಲು ನಿಲ್ಲುವುದೇ ಘರ್ಷಣೆಯ ಬಲದಿಂದ. ಆದುದರಿಂದ ಅಲ್ಲಿಗೆ ಎಣ್ಣೆ ಬಿಡಲೇಬಾರದು. ಅಲ್ಲಿ ಕೂತ ಜಿಡ್ಡನ್ನು ಒರೆಸಿ ತೆಗೆದರೆ ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. ಗುಂಡು ಸವೆದಿದ್ದರೆ ತೆಳುವಾದ ಚರ್ಮದ ಚೂರನ್ನು ನಡುವೆ ಇಟ್ಟು ಬಿಗಿಯಬಹುದು. ಚಪ್ಪಲಿಗೆ ಹೆಸರಾದ ಕೊಲ್ಹಾಪುರದ ಸೀಮೆಯಲ್ಲಿ ಅಂಥ ಚೂರಿಗೆ ಬರವಿಲ್ಲ. ಬಿಟ್ಟುಕೊಂಡ ಗಾಜನ್ನು ಅಂಟಿಸುವಾಗ ವಿನೆಗರಿನ ವಾಸನೆಯುಳ್ಳ ಸಿಲಿಕಾನ್ ಅಂಟನ್ನು ಬಳಸಬಾರದು. ಅದರಿಂದ ಹೊರಡುವ ಆಮ್ಲವು ಗಾಜಿನ ಹಿಂದಿನ ಬೆಳ್ಳಿಯ ಲೇಪವನ್ನು ತಿನ್ನುತ್ತದೆ. ಕ್ರಮೇಣ ಕನ್ನಡಿಯಲ್ಲಿ ಕಪ್ಪು ಕಲೆಗಳು ಏಳುತ್ತವೆ.

ಇಷ್ಟು ಶ್ರಮವೇಕೆ, ಹೊಸ ಕನ್ನಡಿಯನ್ನೇ ಕೂಡಿಸಬಾರದೇ ಎಂಬ ಪ್ರಶ್ನೆ ಸಹಜ. ಐವತ್ತು ವರ್ಷ ಮೀರಿದ, ಮೂಲರೂಪದಲ್ಲಿ ಉಳಿಸಿಕೊಂಡ ಕಾರುಗಳಿಗೆ ‘ವಿಂಟೇಜ್’ ಎಂಬ ಪ್ರತ್ಯೇಕ ನೋಂದಣಿ ನೀಡುವ ನಿಯಮವನ್ನು ಕೇಂದ್ರ ಸರಕಾರವು 2021ರಲ್ಲಿ ತಂದಿತು. ಒಂದು ಕನ್ನಡಿ ಬದಲಾದ ಮಾತ್ರಕ್ಕೆ ಆ ಮಾನ್ಯತೆ ತಪ್ಪಲಾರದು. ಆದರೆ ಹೊಸದನ್ನು ಕೂಡಿಸಲು ತಗಡಿಗೆ ಕೊರೆದ ತೂತನ್ನು ಮತ್ತೆ ಮುಚ್ಚುವುದು ಸುಲಭವಲ್ಲ. ತೆಗೆದಿಟ್ಟ ಹಳೆಯ ಭಾಗವು ಗುಜರಿಗೆ ಹೋದರೆ ಮರಳಿ ಸಿಗುವುದೂ ಕಷ್ಟ. ಗುಂಡೋ ಹಿಡಿಕೆಯೋ ಒಡೆದೇ ಹೋಗಿದ್ದರೆ ಮಾತ್ರ ಬದಲಿಸುವುದು ಯೋಗ್ಯ. ಆಗಲೂ ಹಳೆಯ ತೂತುಗಳಿಗೆ ಹೊಂದುವುದನ್ನೇ ಹುಡುಕಬೇಕು.

ದುರಸ್ತಿ ಮುಗಿದ ಮೇಲೆ ಪರೀಕ್ಷೆ ಬಾಕಿ. ಮನೆಯವರು ಚಾಲಕನ ಆಸನದಲ್ಲಿ ಕುಳಿತು, ಅಂಗಳದ ಹಿಂದಿನ ತುದಿಯ ಕಂಬ ಕನ್ನಡಿಯ ನಡುವೆ ಕಾಣುವಂತೆ ಹೊಂದಿಸಿಕೊಳ್ಳಲಿ. ಬಳಿಕ ಬಾಗಿಲನ್ನು ನಾಲ್ಕಾರು ಸಲ ಜೋರಾಗಿ ಹಾಕಲಿ. ಕಂಬವು ಇದ್ದಲ್ಲಿಯೇ ಇದ್ದರೆ ಕಾರನ್ನು ಒಂದು ಸುತ್ತು ತಗ್ಗಿನ ದಾರಿಯಲ್ಲಿ ಓಡಿಸಿ ತಂದು ಮತ್ತೆ ನೋಡಲಿ. ಕಿರಣದ ಕೋನವನ್ನು ಕನ್ನಡ ಪಾಠಪುಸ್ತಕದಲ್ಲಿ ಓದಿದ ಮಗುವಿಗೂ ಈ ಕೆಲಸದಲ್ಲಿ ಪಾಲಿರಲಿ; ಕಂಬ ಸರಿಯಿತೋ ಇಲ್ಲವೋ ಎಂದು ಹೇಳುವ ಹೊಣೆ ಅದರದು.