ಬಿಡುಗಡೆಯೋ, ಹೊಸ ಬೇಡಿಯೋ?

ನಮ್ಮ ಸಭೆಗಳಲ್ಲಿ ಅತಿ ಹೆಚ್ಚು ಕಿವಿಗೆ ಬೀಳೋ ಪದ ‘ಬಿಡುಗಡೆ’. ರೋಗದಿಂದ ಬಿಡುಗಡೆ, ಸಾಲದಿಂದ ಬಿಡುಗಡೆ, ಶಾಪದಿಂದ ಬಿಡುಗಡೆ.. ಇದನ್ನೇ ಕೇಳಿ ಬೆಳೆದವನು ನಾನು. ಹಾಗಾಗಿ ಹೊರಗೆ ನಿಂತು ಕಲ್ಲು ಹೊಡೆಯೋಕೆ ಇದನ್ನು ಬರೀತಾ ಇಲ್ಲ, ಒಳಗಿನವನಾಗಿಯೇ ಬರೀತಿದ್ದೀನಿ.

ಕೆಲವು ವರ್ಷಗಳ ಹಿಂದೆ ನಮ್ಮ ಚಿಕ್ಕಮ್ಮ ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸಿಬಿಟ್ಟರು. ಕೂಟಕ್ಕೆ ಬಂದಿದ್ದ ಪ್ರಸಂಗಿಯೊಬ್ಬರು ತಲೆ ಮೇಲೆ ಕೈಯಿಟ್ಟು, "ಗುಣ ಆಯ್ತು, ಇನ್ನು ಮಾತ್ರೆ ನುಂಗಿದರೆ ಅದು ಅವಿಶ್ವಾಸ" ಅಂದಿದ್ದರಂತೆ. ಮೂರೇ ವಾರಕ್ಕೆ ಆಸ್ಪತ್ರೆ ಸೇರಿದರು. ದೇವರ ದಯೆ, ಉಳಿದುಕೊಂಡರು. ಆದರೆ ಹಾಸಿಗೆ ಮೇಲೆ ಮಲಗಿಕೊಂಡೇ ಅವರು ನನ್ನನ್ನು ಕೇಳಿದ್ದು, "ನನ್ನ ನಂಬಿಕೇನೇ ಕಮ್ಮಿ ಆಯ್ತೇನೋ ಮಗಾ?" ಅಂತ. ನನಗೆ ನಿಜವಾಗಿ ಸಿಟ್ಟು ಬಂದದ್ದು ಆಗ. ಗುಣವಾದರೆ ಹೆಸರು ಪ್ರಸಂಗಿಗೆ, ಆಗದಿದ್ದರೆ ತಪ್ಪು ರೋಗಿಯದ್ದು!

ಈ ಆಟ ಹೊಸದಲ್ಲ. ಅಮೆರಿಕದ ಪೀಟರ್ ಪೊಪೊಫ್ ಎಂಬ ಟೀವಿ ಪ್ರಸಂಗಿ ಗುರುತಿಲ್ಲದ ಜನರ ಹೆಸರು, ವಿಳಾಸ, ಕಾಯಿಲೆ ಎಲ್ಲವನ್ನೂ ‘ದೈವಪ್ರೇರಣೆ’ಯಿಂದ ಹೇಳುತ್ತಿದ್ದ. 1986ರಲ್ಲಿ ಜಾದೂಗಾರ ಜೇಮ್ಸ್ ರ‍್ಯಾಂಡಿಯ ತಂಡ ರೇಡಿಯೋ ಸ್ಕ್ಯಾನರ್ ಹಿಡಿದು ಕೂತಾಗ ಸಿಕ್ಕಿದ್ದು ದೇವರ ದನಿಯಲ್ಲ, ಪೊಪೊಫ್‌ನ ಹೆಂಡತಿಯದ್ದು. ಜನ ಬರೆದುಕೊಟ್ಟ ಪ್ರಾರ್ಥನಾ ಚೀಟಿಗಳನ್ನು ನೋಡಿ ಆಕೆ ಅವನ ಕಿವಿಯ ಯಂತ್ರಕ್ಕೆ ಹೇಳುತ್ತಿದ್ದಳು. 1987ರಲ್ಲಿ ಆತ ದಿವಾಳಿ ಘೋಷಿಸಿಕೊಂಡ. ಕಥೆ ಮುಗಿಯಿತು ಅಂದುಕೊಂಡಿರಾ? ಮುಂದೆ ಪವಾಡದ ನೀರಿನ ಜಾಹೀರಾತಿನೊಂದಿಗೆ ಮತ್ತೆ ಟೀವಿಗೆ ಬಂದ. ಜನ ಮತ್ತೆ ದುಡ್ಡು ಕಳಿಸಿದರು.

ದುಡ್ಡು ಹೋದರೆ ಹೋಗಲಿ ಅನ್ನಬಹುದು. 2023ರಲ್ಲಿ ಕೀನ್ಯಾದ ಶಕಹೋಲ ಕಾಡಿನಲ್ಲಿ ಅಗೆದಾಗ ಸಿಕ್ಕಿದ್ದು 400ಕ್ಕೂ ಹೆಚ್ಚು ಹೆಣಗಳು, ಮಕ್ಕಳದ್ದೂ ಸೇರಿ. ಉಪವಾಸ ಬಿದ್ದು ಸತ್ತರೆ ಯೇಸುವನ್ನು ಸೇರಬಹುದು ಎಂದು ಬೋಧಿಸಿದ ಆರೋಪ ಪಾಲ್ ಮೆಕೆಂಜಿ ಎಂಬ ಬೋಧಕನ ಮೇಲೆ ಬಂತು. ಆತ ಅದನ್ನು ನಿರಾಕರಿಸಿದ.

ಹಾಗಾದರೆ ಗುರುತಿಸೋದು ಹೇಗೆ? ತಮಾಷೆ ಅಂದರೆ, ಆದಿ ಸಭೆಗೇ ಈ ತಲೆನೋವು ಇತ್ತು. ‘ದಿದಾಖೆ’ ಎಂಬ ಬಹಳ ಹಳೆಯ ಗ್ರೀಕ್ ಕೈಪಿಡಿಯೊಂದಿದೆ. ಅದರ ಹಸ್ತಪ್ರತಿ 1873ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸಿಕ್ಕಿತು. ಊರೂರು ಸುತ್ತುವ ಬೋಧಕರನ್ನು ಅಳೆಯೋಕೆ ಅದರಲ್ಲಿರುವ ನಿಯಮ ಎಷ್ಟು ಸರಳ ನೋಡಿ: ಒಂದು ದಿನ ಇರಲಿ, ಬೇಕಿದ್ದರೆ ಇನ್ನೊಂದು ದಿನ. ಮೂರನೇ ದಿನವೂ ಠಿಕಾಣಿ ಹೂಡಿದರೆ ಸುಳ್ಳು ಪ್ರವಾದಿ. ಹೊರಡುವಾಗ ದಾರಿಗೆ ರೊಟ್ಟಿ ಕೊಡಿ. ದುಡ್ಡು ಕೇಳಿದರೆ ಸುಳ್ಳು ಪ್ರವಾದಿ. ಆದರೆ ಕಷ್ಟದಲ್ಲಿರುವ ಬೇರೆಯವರಿಗಾಗಿ ಕೇಳಿದರೆ ತೀರ್ಪು ಮಾಡಬೇಡಿ. ಈ ಕೊನೆಯ ಮಾತು ನನಗೆ ಬಲು ಇಷ್ಟ.

‘ಅಭಿಷಿಕ್ತರ ಬಗ್ಗೆ ಪ್ರಶ್ನೆ ಎತ್ತಬಾರದು’ ಅಂತ ಹೆದರಿಸುವವರಿಗೂ ಉತ್ತರವಿದೆ. ಬೆರೋಯದ ಜನ ಪೌಲನ ಬೋಧನೆಯನ್ನೇ ದಿನಾ ಗ್ರಂಥ ತೆರೆದು ಪರೀಕ್ಷಿಸಿದರು. ಅಪೊಸ್ತಲರ ಕೃತ್ಯಗಳ 17ನೇ ಅಧ್ಯಾಯ ಅದನ್ನು ತಪ್ಪು ಅನ್ನೋದಿಲ್ಲ, ಮೆಚ್ಚುತ್ತದೆ. ಅದೇ ಪೌಲ ಡೇರೆ ಹೊಲಿದು ಹೊಟ್ಟೆ ಹೊರೆದವನು.

ಎಲ್ಲ ಪಾಸ್ಟರುಗಳೂ ಹೀಗೆ ಅಂತ ನಾನು ಹೇಳೋಲ್ಲ. ಚಿಕ್ಕಮ್ಮ ಆಸ್ಪತ್ರೆಯಲ್ಲಿದ್ದಾಗ ದಿನಾ ಬಂದು, ಪ್ರಾರ್ಥನೆ ಮಾಡಿ, ಆಮೇಲೆ "ಮಾತ್ರೆ ತಗೊಂಡ್ರಾ ಅಮ್ಮಾ?" ಅಂತ ಕೇಳುತ್ತಿದ್ದವರೂ ನಮ್ಮ ಊರಿನ ಪಾಸ್ಟರೇ. ಕಾಣಿಕೆಯ ಲೆಕ್ಕವನ್ನು ವರ್ಷಕ್ಕೊಮ್ಮೆ ಎಲ್ಲರೆದುರು ಓದುವವರೂ ಅವರೇ.

ನನ್ನ ಅಳತೆಗೋಲು ಇಷ್ಟೇ: ಲೆಕ್ಕ ಕೇಳಬಹುದಾ? ಪ್ರಶ್ನೆ ಕೇಳಬಹುದಾ? ಶಾಪದ ಭಯವಿಲ್ಲದೆ ಎದ್ದು ಹೋಗಬಹುದಾ? ಮೂರಕ್ಕೂ ಹೌದು ಅಂದರೆ ಅಲ್ಲಿ ಕೂತು ಹಾಡೋಣ. ಇಲ್ಲ ಅಂದರೆ ಅದು ಬಿಡುಗಡೆಯಲ್ಲ, ಬೇಡಿಗೆ ಬಳಿದ ಬಣ್ಣ. ಈ ಅಳತೆ ನಮ್ಮ ಸಭೆಗಷ್ಟೇ ಅಲ್ಲ, ಎಲ್ಲ ಮಠ, ಆಶ್ರಮ, ದರ್ಗಾಗಳಿಗೂ ಸಲ್ಲುತ್ತದೆ ಅಂತ ನನಗನ್ನಿಸುತ್ತೆ.

ನೀವೇನಂತೀರಿ?