ಗಡಿನಾಡಿನ ಹೆಸರುಗಳಿಗೆ ಕಾವಲು ಬೇಕು

ಮಂತ್ರಾಲಯಕ್ಕೆ ಹೊರಟವರು ಅಂಚೆಕಾರ್ಡು ಬರೆದು ಕೋಣೆಗಾಗಿ ಕಾಯುತ್ತಿದ್ದ ಕಾಲ ಹಿಂದಾಯಿತು. ಇಂದು ಸೇವೆಯಿರಲಿ, ಕೋಣೆಯಿರಲಿ, ಫೋನಿನಲ್ಲಿ ಕ್ಷೇತ್ರದ ಹೆಸರನ್ನು ಒತ್ತಿ ಹುಡುಕುವುದೇ ರೂಢಿ. ಆದರೆ ಒತ್ತಬೇಕಾದ ಹೆಸರು ಯಾವುದು? ಕನ್ನಡಿಗರ ಬಾಯಲ್ಲಿ ಅದು 'ಮಂತ್ರಾಲಯ'. ಆಂಧ್ರದ ಸರಕಾರಿ ದಾಖಲೆಗಳಲ್ಲಿ 'ಮಂತ್ರಾಲಯಂ'. ಆಡುವ ಮಾತಿನಲ್ಲಿ ಆ ಒಂದು ಸೊನ್ನೆಯಿಂದ ಯಾರಿಗೂ ನಷ್ಟವಿಲ್ಲ. ಅಂತರ್ಜಾಲದಲ್ಲಿ ಮಾತ್ರ ಅವು ಎರಡು ಬೇರೆ ಬೇರೆ ವಿಳಾಸಗಳು. ಒಂದನ್ನು ಒಬ್ಬರು ಹಿಡಿದರೆ ಮತ್ತೊಂದನ್ನು ಇನ್ನಾರೋ ಹಿಡಿಯಬಹುದು.

ಇದು ಮಂತ್ರಾಲಯವೊಂದರ ಪ್ರಶ್ನೆಯಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದಾಗ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದುವು. ಮೊದಲಿನೆರಡು ಕರ್ನೂಲು ಜಿಲ್ಲೆಯ ಪಡುವಣ ಭಾಗವಾದುವು. ಅಂದಿನಿಂದ ಆ ಸೀಮೆಯ ಊರುಗಳು ಎರಡು ಹೆಸರು ಹೊತ್ತು ಬಾಳುತ್ತಿವೆ. ನಮಗೆ ಆದವಾನಿ, ರೈಲ್ವೆ ನಿಲ್ದಾಣದ ಫಲಕಕ್ಕೆ ಆದೋನಿ. ಶ್ರಾವಣದಲ್ಲಿ ಕರ್ನಾಟಕದ ಜನ ತುಂಬುವ ಉರುಕುಂದದ ಈರಣ್ಣನ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯಹೊರಟರೆ ಎಷ್ಟು ಕೈಗಳೋ ಅಷ್ಟು ಕಾಗುಣಿತ. 1956ರಲ್ಲಿ ಕೇರಳಕ್ಕೆ ಸೇರಿದ ನಮಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಂಜೇಶ್ವರ, ಕುಂಬಳೆ, ಮಧೂರುಗಳ ಪಾಡೂ ಅದೇ.

ಜಾಲತಾಣದ ಹೆಸರು, ಅಂದರೆ ಡೊಮೇನ್, ಎಂತಹ ಸೊತ್ತು ಎಂಬುದನ್ನು ಮೊದಲು ತಿಳಿಯಬೇಕು. 'ಡಾಟ್ ಇನ್' ಎಂದು ಕೊನೆಗೊಳ್ಳುವ ಹೆಸರುಗಳ ದಾಖಲೆಪುಸ್ತಕ 2005ರಿಂದ ನಿಕ್ಸಿ ಎಂಬ ರಾಷ್ಟ್ರೀಯ ಸಂಸ್ಥೆಯ ವಶದಲ್ಲಿದೆ. ಅದರ ಮಾನ್ಯತೆ ಪಡೆದ ಕಂಪೆನಿಗಳು ಹೆಸರನ್ನು ನೋಂದಾಯಿಸಿಕೊಡುತ್ತವೆ. ಮೊದಲು ಬಂದು ಕೇಳಿದವನಿಗೆ ಹೆಸರು. ಅವನಿಗೂ ಊರಿಗೂ ಇರುವ ನಂಟನ್ನು ಅಲ್ಲಿ ಯಾರೂ ವಿಚಾರಿಸುವುದಿಲ್ಲ. ಹಾಗೆಂದು ಅದು ಶಾಶ್ವತವೂ ಅಲ್ಲ. ಒಮ್ಮೆಗೆ ಹೆಚ್ಚೆಂದರೆ ಹತ್ತು ವರ್ಷಕ್ಕೆ ಹಣ ಕಟ್ಟಬಹುದು. ನಮ್ಮ ಹಿರಿಯರ ಭಾಷೆಯಲ್ಲಿ ಹೇಳುವುದಾದರೆ ಇದು ಮೂಲಗೇಣಿಯಲ್ಲ, ಚಾಲಗೇಣಿ. ವಾಯಿದೆ ತಪ್ಪಿ, ಅನಂತರ ಸಿಗುವ ಕೆಲವು ವಾರಗಳ ಸಮಯವೂ ಮೀರಿದರೆ, ಅದೇ ಹೆಸರನ್ನು ಅಪರಿಚಿತನೊಬ್ಬ ಕೊಂಡು ತನ್ನ ಅಂಗಡಿ ತೆರೆಯಬಹುದು.

ಅಂತಹ ಅಂಗಡಿಗಳಿಂದ ಏನಾಗುತ್ತದೆಂಬುದಕ್ಕೆ ಆಂಧ್ರದಲ್ಲೇ ನಿದರ್ಶನವಿದೆ. 2023ರ ಏಪ್ರಿಲಿನಲ್ಲಿ ತಿರುಮಲ ತಿರುಪತಿ ದೇವಸ್ಥಾನವು ನಕಲಿ ಜಾಲತಾಣವೊಂದರ ಮೇಲೆ ಪೊಲೀಸು ದೂರು ನೀಡಿತು. ಅದು ಹಾಗೆ ಪತ್ತೆಯಾದ 41ನೆಯದು. ನಿಜವಾದ ವಿಳಾಸ ಆಗ 'ತಿರುಪತಿಬಾಲಾಜಿ ಡಾಟ್ ಎಪಿ ಡಾಟ್ ಗವ್ ಡಾಟ್ ಇನ್' ಎಂದಿತ್ತು. ನಕಲಿಯವರು ಚುಕ್ಕೆಗಳಿದ್ದೆಡೆ ಅಡ್ಡಗೆರೆ ಹಾಕಿ, ಕೊನೆಗೆ 'ಡಾಟ್ ಓಆರ್‌ಜಿ' ಸೇರಿಸಿದ್ದರು. ಭಕ್ತನ ಕಣ್ಣಿಗೆ ಎರಡೂ ಒಂದೇ. 2024ರ ಜನವರಿಯಲ್ಲಿ ದೇವಸ್ಥಾನವು ವಿಳಾಸದ ಮೊದಲ ಭಾಗವನ್ನು ಬದಲಿಸಿತು. ಸರಕಾರಕ್ಕಷ್ಟೇ ದೊರೆಯುವ 'ಗವ್ ಡಾಟ್ ಇನ್' ಎಂಬ ಬಾಲವನ್ನು ಉಳಿಸಿಕೊಂಡಿತು. ತಿರುಪತಿಯಂತಹ ಬಲಾಢ್ಯ ಸಂಸ್ಥೆಗೇ ಈ ಗತಿಯಾದರೆ, ಗಡಿಯ ಒಂದು ಗ್ರಾಮದೇವಸ್ಥಾನದ, ಒಂದು ಕನ್ನಡ ಶಾಲೆಯ ಗತಿಯೇನು?

ಕಾನೂನು ಇಲ್ಲವೇ ಎಂದು ವಾಚಕರು ಕೇಳಬಹುದು. ಇದೆ, ಅದರ ಬುನಾದಿ ಬಿದ್ದದ್ದು ಬೆಂಗಳೂರಿನಲ್ಲಿ. ಸತ್ಯಂ ಇನ್ಫೋವೇ ಕಂಪೆನಿ 'ಸಿಫಿ' ಎಂಬ ಹೆಸರಿನಿಂದ ಪ್ರಸಿದ್ಧವಾಗಿದ್ದಾಗ, ಮತ್ತೊಂದು ಸಂಸ್ಥೆ ಇಂಗ್ಲಿಷಿನ 'ಎಫ್' ಅಕ್ಷರವನ್ನು ಎರಡು ಸಲ ಬರೆದು 'ಸಿಫ್ಫಿನೆಟ್' ಎಂದು ನೋಂದಾಯಿಸಿಕೊಂಡಿತು. ಬೆಂಗಳೂರಿನ ಸಿವಿಲ್ ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು. ಕರ್ನಾಟಕ ಹೈಕೋರ್ಟು ಅದನ್ನು ತೆರವುಗೊಳಿಸಿತು. 2004ರ ಮೇ 6ರಂದು ಸುಪ್ರೀಂ ಕೋರ್ಟು ತಡೆಯಾಜ್ಞೆಯನ್ನು ಎತ್ತಿಹಿಡಿದು, ಡೊಮೇನ್ ಹೆಸರೂ ವ್ಯಾಪಾರಚಿಹ್ನೆಯಂತೆಯೇ ರಕ್ಷಣೆಗೆ ಅರ್ಹವೆಂದು ಸಾರಿತು. ಒಂದೇ ಅಕ್ಷರದ ವ್ಯತ್ಯಾಸ ದೇಶದ ಅತ್ಯುಚ್ಚ ನ್ಯಾಯಾಲಯದವರೆಗೆ ಹೋಯಿತೆಂಬುದನ್ನು ಗಮನಿಸಬೇಕು. ಇಂದು 'ಡಾಟ್ ಇನ್' ತಕರಾರನ್ನು ನಿಕ್ಸಿಯ ಮುಂದೆಯೇ ಒಯ್ಯಬಹುದು. ಮಧ್ಯಸ್ಥರು ಹೆಸರನ್ನು ರದ್ದುಪಡಿಸಲೂಬಹುದು, ದೂರುದಾರರಿಗೆ ವರ್ಗಾಯಿಸಲೂಬಹುದು.

ಆದರೆ ದೂರುದಾರರು ಆ ಹೆಸರಿನಲ್ಲಿ ತಮಗೆ ಹಕ್ಕಿದೆಯೆಂದೂ, ಎದುರಾಳಿಯದು ದುರುದ್ದೇಶವೆಂದೂ ತೋರಿಸಬೇಕು. ಕಂಪೆನಿಗೆ ಇದು ಸಾಧ್ಯ. ಊರ ಹೆಸರು ಯಾರೊಬ್ಬರ ಸೊತ್ತೂ ಅಲ್ಲವಾದ್ದರಿಂದ ಊರ ಪರವಾಗಿ ಹಕ್ಕು ಸಾಧಿಸುವುದು ಕಷ್ಟ. ಎಲ್ಲರದೂ ಆದದ್ದಕ್ಕೆ ಯಾರೂ ಕಾವಲಿಲ್ಲವೆಂಬ ಮಾತು ಇಲ್ಲಿ ಅಕ್ಷರಶಃ ನಿಜ.

ನಮ್ಮದೇ ಲಿಪಿಯಲ್ಲಿ ವಿಳಾಸ ಬರೆದರೆ ಗೊಂದಲ ತೀರಬಹುದೆಂಬ ಆಸೆ ಸಹಜ. 'ಡಾಟ್ ಭಾರತ' ಎಂಬ ಬಾಲ ಈಗ ಕನ್ನಡ ಲಿಪಿಯಲ್ಲೂ ಉಂಟು. ಆದರೆ ಕನ್ನಡ, ತೆಲುಗು ಲಿಪಿಗಳು ಅಕ್ಕತಂಗಿಯರು. ಗ, ಜ, ನ, ಲ ಮೊದಲಾದ ಹಲವು ಅಕ್ಷರಗಳನ್ನು ಎರಡರಲ್ಲೂ ಕಣ್ಣು ಒಂದೇ ಎಂದು ಓದುತ್ತದೆ. ಕಂಪ್ಯೂಟರಿಗೆ ಅವು ಬೇರೆ ಬೇರೆ ಸಂಖ್ಯೆಗಳು. ಇದನ್ನರಿತೇ ತಜ್ಞರ ಸಮಿತಿಯು ವಿಳಾಸದ ಕೊನೆಯ ಭಾಗಕ್ಕೆ ನಿಯಮ ಮಾಡುವಾಗ ಇಂತಹ ಜೋಡಿಗಳನ್ನು ಗುರುತಿಸಿತು. ಆದವಾನಿಯಲ್ಲಿ ಎರಡು ಲಿಪಿಗಳೂ ಒಂದೇ ಬೀದಿಯಲ್ಲಿವೆ; ಎಚ್ಚರ ಅಲ್ಲಿ ಇಮ್ಮಡಿಯಾಗಬೇಕು.

ಆಗಬೇಕಾದುದು ದೊಡ್ಡ ಖರ್ಚಿನ ಕೆಲಸವಲ್ಲ. ಗಡಿನಾಡಿನ ದೇವಸ್ಥಾನ, ಸಹಕಾರಿ ಸಂಘ, ಶಾಲೆಗಳು ತಮ್ಮ ಹೆಸರಿನ ಎರಡೂ ರೂಪಗಳನ್ನು ನೋಂದಾಯಿಸಿ, ಒಂದಕ್ಕೆ ಬಂದವರನ್ನು ಇನ್ನೊಂದಕ್ಕೆ ತಲಪಿಸಬೇಕು. ನೋಂದಾವಣೆ ಸಂಸ್ಥೆಯ ಹೆಸರಿನಲ್ಲಿರಬೇಕು. ಜಾಲತಾಣ ಮಾಡಿಕೊಟ್ಟ ಹುಡುಗನ ಹೆಸರಿನಲ್ಲಲ್ಲ. ಇಮೇಲು, ಮೊಬೈಲು ಸಂಖ್ಯೆ ಕಚೇರಿಯದಾಗಿರಬೇಕು. ಇಲ್ಲದಿದ್ದರೆ ಕಾರ್ಯದರ್ಶಿ ಬದಲಾದ ದಿನ ಬೀಗದಕೈಯೂ ಹೋಯಿತು. ವಾಯಿದೆಯ ತಾರೀಕು ಆಡಳಿತ ಸಮಿತಿಯ ನಡಾವಳಿ ಪುಸ್ತಕದಲ್ಲಿರಲಿ.

ಸರಕಾರಗಳಿಗೂ ಹೊಣೆಯಿದೆ. ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ 31ರೊಳಗೆ ತಮಗೆಂದೇ ಮೀಸಲಾದ 'ಬ್ಯಾಂಕ್ ಡಾಟ್ ಇನ್' ವಿಳಾಸಕ್ಕೆ ಬರಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿತು. ಆದವಾನಿಯ ಹತ್ತಿ ವ್ಯಾಪಾರಿಯೂ ನಮ್ಮ ಅಡಿಕೆ ಬೆಳೆಗಾರನೂ ಬಾಲವನ್ನು ನೋಡಿ ಬ್ಯಾಂಕನ್ನು ಗುರುತಿಸಬಹುದು. ಊರುಗಳಿಗೇಕೆ ಅಂತಹ ಮೀಸಲಿರಬಾರದು? ಕನ್ನಡದ ಹೆಸರೂ ರಾಜ್ಯಭಾಷೆಯ ಹೆಸರೂ ಎರಡೂ ಸೇರಿ ಪಂಚಾಯತಿಗೇ ಸಲ್ಲಲಿ.

2021ರ ಜೂನಿನಲ್ಲಿ ಕಾಸರಗೋಡಿನ ಊರುಗಳ ಕನ್ನಡ ಹೆಸರು ಬದಲಾಗುತ್ತಿದೆಯೆಂಬ ಸುದ್ದಿ ಎದ್ದಾಗ ಕರ್ನಾಟಕದಿಂದ ಪತ್ರ ಹೋಯಿತು. ಅಂತಹ ಉದ್ದೇಶವಿಲ್ಲವೆಂದು ಕೇರಳದ ಮುಖ್ಯಮಂತ್ರಿಗಳು ಹೇಳಿದರು. ಫಲಕದ ಮೇಲಿನ ಹೆಸರು ಅಳಿಸಿದರೆ ನಮಗೆ ಕಾಣುತ್ತದೆ, ಕೂಗುತ್ತೇವೆ. ಕಾಣದ ದಾಖಲೆಪುಸ್ತಕದಲ್ಲಿ ಅದೇ ಹೆಸರು ಪರರ ಪಾಲಾದರೆ, ಯಾರಾದರೊಬ್ಬ ಯಾತ್ರಿಕ ಹಣ ಕಳೆದುಕೊಂಡು ಬಂದು ಹೇಳುವ ತನಕ ನಮಗೆ ತಿಳಿಯುವುದಿಲ್ಲ.